ಹುಷಾರಿಲ್ಲದ ವ್ಯಾಗನ್

ಭಾನುವಾರ, ಜುಲೈ ೧೪

ಅಪ್ಪನಿಗೆ,

ನಿನ್ನ ಬುಗುರಿಯ ನಮಸ್ಕಾರ. ನಿನ್ನ ಮೂರು ಕಾರ್ಡುಗಳಿಗೆ ನಾನು ಉತ್ತರ ಬರೆದಿಲ್ಲ. ಪುರುಸೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಪುರುಸೊತ್ತು ಇತ್ತು. ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ನಾನು ಒಂದು ಕಡೆ ಕೂರುವವಳಲ್ಲ ಎಂದು ನಿನಗೆ ಗೊತ್ತು, ಬುಗುರಿ ಎಂದು ಹೆಸರಿಟ್ಟವನೇ ನೀನು. ಬೈಯುವುದಿದ್ದರೆ ಮುಂದಿನ ಕಾರ್ಡಿನಲ್ಲಿ ಬೈ. 'ಕ್ಷೇಮ. ನೀವೂ ಹುಷಾರು. ಅಪ್ಪ' ಎಂಬುದರ ಕೆಳಗೆ ಬೈಯಲು ಬೇಕಾದಷ್ಟು ಜಾಗ ಉಳಿದಿರುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಪೂರ್ತಿ ನಿಜವಲ್ಲ. ಅಕ್ಕನಿಗೆ ಹದಿನೈದು ದಿನದಿಂದ ಕೆಮ್ಮು. ಅದು ನನ್ನ ಬಟ್ಟೆಯ ಪುಡಿಯಿಂದ ಎಂದು ಭಾವ, ಭಾವನ ಸಿಗರೇಟಿನಿಂದ ಎಂದು ನಾನು. ಅಕ್ಕ ಇಬ್ಬರನ್ನೂ ಬಿಡುವುದಿಲ್ಲ. ನಿನ್ನೆ ಬಟ್ಟೆ ಒಗೆಯುತ್ತಾ, "ಮೊದಲು ಅಪ್ಪ ಕಲ್ಲಿದ್ದಲು ಮಸಿ ಹೊತ್ಕೊಂಡು ಬರ್ತಿದ್ದ, ಈಗ ನೀನು. ಈ ಜನ್ಮದಲ್ಲಿ ನನಗೆ ರೈಲಿಂದ ಬಿಡುಗಡೆ ಇಲ್ಲ" ಎಂದಳು. ಔಷಧಿ ಕುಡಿಯುತ್ತಿದ್ದಾಳೆ, ನೀನು ಚಿಂತೆ ಮಾಡಬೇಡ.

ನಿನಗೆ ಆಶ್ಚರ್ಯವಾಗುವ ಸುದ್ದಿ ಎಂದರೆ ನಾನು ಒಂದೇ ಕೆಲಸದಲ್ಲಿ ಎಂಟು ತಿಂಗಳಿನಿಂದ ಇದ್ದೇನೆ. ಹೊಲಿಗೆ ಅಂಗಡಿಯಲ್ಲಿ ಆರು ವಾರ, ಸೈಕಲ್ ಅಂಗಡಿಯಲ್ಲಿ ಒಂದು ತಿಂಗಳು, ಜೆರಾಕ್ಸ್ ಅಂಗಡಿಯಲ್ಲಿ ಮೂರು ದಿನ ಇದ್ದವಳು ಇಲ್ಲಿ ಎಂಟು ತಿಂಗಳು ಇದ್ದೇನೆಂದು ಭಾವ ಯಾರಿಗೂ ಹೇಳುವುದಿಲ್ಲ, ದೃಷ್ಟಿಯಾದೀತು ಎಂಬ ಭಯ. ಕೆಲಸ ಏನೆಂದರೆ ಪುಟ್ಟ ರೈಲು ಮಾಡುವುದು. ಬೀಗದ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ, ಎರಡು ಕಿಟಕಿ, ಒಂದು ಮೇಜು. ಯಜಮಾನರನ್ನು ಇಡೀ ಬೀದಿ ಭೂತಗನ್ನಡಿ ಎಂದು ಕರೆಯುತ್ತದೆ. ಹಣೆಗೆ ಕಟ್ಟಿಕೊಂಡ ಗಾಜನ್ನು ಬಿಚ್ಚಲು ಮರೆತು ಟೀ ಕುಡಿಯಲು ಹೋಗುತ್ತಾರೆ, ಅಲ್ಲಿ ಬಿಸ್ಕತ್ತು ಇಷ್ಟು ದೊಡ್ಡದು ಎಂದು ಖುಷಿಪಡುತ್ತಾರೆ. ಅವರು ಮಾಡುವ ರೈಲು ನಿಜವಾದದ್ದರ ಎಂಬತ್ತೇಳರಲ್ಲಿ ಒಂದು ಪಾಲು. ಒಂದು ವ್ಯಾಗನ್ ನನ್ನ ಅಂಗೈಯಲ್ಲಿ ಕೂರುತ್ತದೆ. ಆದರೆ ಚಕ್ರ, ಸ್ಪ್ರಿಂಗ್, ಬ್ರೇಕಿನ ಸರಳು, ಬಾಗಿಲ ಕೊಂಡಿ, ನೀನು ದಿನಾ ತಟ್ಟಿ ನೋಡುತ್ತಿದ್ದ ಒಂದೊಂದೂ ಅದರಲ್ಲಿ ಇರುತ್ತದೆ.

ವ್ಯಾಗನ್ ಕಟ್ಟುವುದು ಅರ್ಧ ಕೆಲಸ. ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಅದು ಆಟದ ಸಾಮಾನು. ಅದಕ್ಕೆ ವಯಸ್ಸಾಗಬೇಕು. ಇದನ್ನು ನಮ್ಮಲ್ಲಿ 'ಮುಪ್ಪು ಹಚ್ಚುವುದು' ಎನ್ನುತ್ತೇವೆ. ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ಅಲ್ಲಲ್ಲಿ ಉಪ್ಪಿನ ಹರಳು, ಅದರ ಮೇಲೆ ವ್ಯಾಗನ್ನಿನ ಬಣ್ಣ. ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದರೆ ಬಣ್ಣ ಎದ್ದುಹೋದ ತಗಡಿನಂತೆ ಕಾಣುತ್ತದೆ. ಕೊನೆಗೆ ಬಣ್ಣದ ಸೀಮೆಸುಣ್ಣ ಅರೆದ ಪುಡಿಯನ್ನು ಕುಂಚದಲ್ಲಿ ಸವರುತ್ತೇವೆ: ಕಪ್ಪು ಪುಡಿ ಕಲ್ಲಿದ್ದಲಿನ ಮಸಿಗೆ, ಕಂದು ಪುಡಿ ಬ್ರೇಕಿನ ಧೂಳಿಗೆ. ಆಮೇಲೆ ಹೊಳಪಿಲ್ಲದ ವಾರ್ನಿಷ್ ಹೊಡೆದರೆ ಪುಡಿ ಕದಲದೆ ಕೂರುತ್ತದೆ. ನಾನು ಶುರುವಿನಲ್ಲಿ ಉತ್ಸಾಹದಿಂದ ಒಂದು ಬಾಗಿಲಿನ ನಡುವೆ ತುಕ್ಕು ಹಚ್ಚಿದ್ದೆ.

"ಈ ತುಕ್ಕು ಇಲ್ಲಿಗೆ ಯಾಕೆ ಬಂತು?" ಎಂದು ಭೂತಗನ್ನಡಿ ಕೇಳಿದರು.

"ಚೆನ್ನಾಗಿ ಕಾಣುತ್ತೆ ಅಂತ."

"ತುಕ್ಕಿಗೆ ಚೆಂದ ಗೊತ್ತಿಲ್ಲಮ್ಮ. ನೀರೆಲ್ಲಿ ನಿಲ್ಲುತ್ತೋ ಅಲ್ಲಿ ಹಿಡಿಯುತ್ತೆ. ಅಳಿಸು."

ಅವರ ಪ್ರಕಾರ ಪ್ರತಿ ಕಲೆಗೂ ಒಂದು ಕಾರಣ ಇರಬೇಕು. ಕಾರಣ ಹೇಳಲು ಬಾರದ ಕಲೆ ಸುಳ್ಳು. ನಾನು ಅಲ್ಲಿ ಉಳಿದದ್ದು ಈ ಮಾತಿಗೆ ಎಂದು ಅನಿಸುತ್ತದೆ. ಶಾಲೆಯಲ್ಲಿ ನನಗೆ ಯಾರೂ ಕಾರಣ ಹೇಳಿರಲಿಲ್ಲ.

ಈಗ ಬರೆಯಬೇಕಾದ್ದಕ್ಕೆ ಬರುತ್ತೇನೆ. ನಿವೃತ್ತ ರೈಲ್ವೆ ನೌಕರರ ಸಂಘದವರು ತಮ್ಮ ಹಾಲ್‌ನಲ್ಲಿ ಇಡಲು ಹಳೆಯ ಗೂಡ್ಸ್ ಯಾರ್ಡನ್ನು ಮಾಡಿಕೊಡಿ ಎಂದು ಕೇಳಿದ್ದಾರೆ. ಯಾರ್ಡ್ ಕೆಡವುವ ಮುಂಚಿನ ವರ್ಷದ ಒಂದು ವಾರ, ಆ ವಾರ ರಿಜಿಸ್ಟರ್‌ನಲ್ಲಿದ್ದ ಇಪ್ಪತ್ತೆರಡು ವ್ಯಾಗನ್, ನಂಬರ್ ಸಮೇತ. ಪಟ್ಟಿ ನನ್ನ ಕೈಗೆ ಬಂತು. ಹತ್ತೊಂಬತ್ತನೇ ಸಾಲಿನಲ್ಲಿ ೪೧೭೬೩ ಇತ್ತು.

ಆ ನಂಬರನ್ನು ನಿನಗೆ ನಾನು ನೆನಪಿಸಬೇಕಾಗಿಲ್ಲ. ಸ್ಪ್ರಿಂಗ್ ಸೀಳು ಬಿಟ್ಟಿದ್ದ ವ್ಯಾಗನ್. ನೀನು ಮಳೆಯಲ್ಲಿ ತಪಾಸಣೆ ಮಾಡಿ ಮನೆಗೆ ಬಂದವನು ಬಾಗಿಲಲ್ಲೇ, "ಇವತ್ತು ಒಂದಕ್ಕೆ ಹುಷಾರಿಲ್ಲ" ಎಂದಿದ್ದೆ, ಮನೆಯವರ ಬಗ್ಗೆ ಹೇಳುವಂತೆ. ಕೆಟ್ಟ ವ್ಯಾಗನ್ನಿಗೆ ಸೀಮೆಸುಣ್ಣದಲ್ಲಿ ಹಾಕುವ ಗುರುತು ಹಾಕಿದ್ದೆ ಎಂದು ನೀನು, ಹಾಕಿರಲೇ ಇಲ್ಲ ಎಂದು ವಿಚಾರಣೆಯವರು. ಗುರುತು ಕಾಣದ್ದರಿಂದ ಶಂಟಿಂಗ್‌ನವರು ಅದನ್ನು ಗಾಡಿಯಿಂದ ಬಿಡಿಸಲಿಲ್ಲ, ನಿನ್ನ ಚೀಟಿ ಆಫೀಸು ಮುಟ್ಟುವ ಮುಂಚೆಯೇ ಗಾಡಿ ಹೊರಟಿತು, ಮೂವತ್ತು ಕಿಲೋಮೀಟರ್ ಆಚೆ ಹನ್ನೊಂದು ವ್ಯಾಗನ್ ಕಲ್ಲಿದ್ದಲು ಹಳಿಯ ಪಕ್ಕ ಮಗುಚಿತು. ಯಾರಿಗೂ ಪೆಟ್ಟಾಗಲಿಲ್ಲ, ಪೆಟ್ಟು ಬಿದ್ದದ್ದು ನಿನ್ನ ಕೆಲಸಕ್ಕೆ. ಆರು ವರ್ಷವಾಯಿತು. ನೀನು ಅಲ್ಲಿ ಗೋದಾಮಿನ ಗೇಟು ಕಾಯುತ್ತೀಯ, ನಾವು ಇಲ್ಲಿದ್ದೇವೆ. ಈ ವಿಷಯವನ್ನು ನಾವಿಬ್ಬರು ಒಂದು ಸಲವೂ ಮಾತಾಡಿಲ್ಲ.

ನಾನು ಯಾರ ಮಗಳೆಂದು ಅಂಗಡಿಯಲ್ಲಿ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಪಟ್ಟಿಯನ್ನು ಓದಿ, ಬೇರೆ ಇಪ್ಪತ್ತೊಂದನ್ನು ಮೊದಲು ಮುಗಿಸಿ, ಕಳೆದ ವಾರ ಅದನ್ನು ಕೈಗೆತ್ತಿಕೊಂಡೆ. ಅಪ್ಪ, ಅಷ್ಟು ಚೆನ್ನಾಗಿ ನಾನು ಯಾವುದನ್ನೂ ಮಾಡಿಲ್ಲ. ಎಡಗಡೆಯ ಎರಡನೇ ಸ್ಪ್ರಿಂಗಿನಲ್ಲಿ ಕೂದಲಿನಷ್ಟು ಸೀಳು ಬಿಟ್ಟಿದ್ದೇನೆ, ಗಾಜು ಹಿಡಿದರೆ ಮಾತ್ರ ಕಾಣುತ್ತದೆ. ಗುರುವಾರ ಮಧ್ಯಾಹ್ನ ಪುಡಿ ಸವರಿ ಮುಗಿಸಿದೆ. ವಾರ್ನಿಷ್ ಹೊಡೆಯುವುದಷ್ಟೇ ಉಳಿದಿತ್ತು. ಟೀ ಲೋಟ ತೊಳೆದು ಬಂದವಳು ಒದ್ದೆ ಕೈಯಲ್ಲೇ ಅದನ್ನು ಎತ್ತಿಬಿಟ್ಟೆ. ಪಕ್ಕದ ತಗಡಿನ ಮೇಲೆ ನನ್ನ ಬೆರಳು ಎಳೆದುಕೊಂಡು ಹೋಗಿ, ಮಸಿ ಅಳಿಸಿ, ಓರೆಯಾಗಿ ಒಂದು ಗೀಟು ಬಿತ್ತು.

ಹೊಸ ಕೆಲಸದವಳೂ ಮಾಡದ ತಪ್ಪು. ಭೂತಗನ್ನಡಿ ಏನಾದರೂ ಅನ್ನುವಷ್ಟರಲ್ಲಿ ಸಿಗ್ನಲ್ ತಾತ ಮೆಟ್ಟಿಲು ಹತ್ತಿ ಬಂದರು. ಅವರು ಸಂಘದ ಪರವಾಗಿ ಪ್ರತಿ ಗುರುವಾರ ಕೆಲಸ ನೋಡಲು ಬರುವ ಹಿರಿಯರು. ಸಿಗ್ನಲ್ ಕಂಬದ ಹಾಗೆ ಒಂದು ಕೈ ಚಾಚಿಕೊಂಡೇ ಮಾತಾಡುತ್ತಾರೆ. ನನ್ನ ಕೈಯಲ್ಲಿದ್ದದ್ದನ್ನು ಕಣ್ಣಿಗೆ ಹತ್ತಿರ ತಂದುಕೊಂಡು, "ಪರವಾಗಿಲ್ವೇ, ಮಳೆ ದಿನದ ಗುರುತೂ ಹಾಕಿದ್ದೀಯ. ಯಾರು ಹೇಳ್ಕೊಟ್ರು?" ಎಂದರು.

"ಇದು ಗುರುತಲ್ಲ ತಾತ, ಕೈ ತಾಗಿದ್ದು."

"ತಾಗಿದ್ದಾದ್ರೂ ಸರಿಯಾಗೇ ತಾಗಿದೆ ಬಿಡು. ಒದ್ದೆ ತಗಡಿನ ಮೇಲೆ ಸೀಮೆಸುಣ್ಣ ಹತ್ತಲ್ಲ, ಜಾರುತ್ತೆ. ಅದಕ್ಕೆ ಬೆರಳಲ್ಲೇ ಎಳೀತಿದ್ರು. ಮಸಿ ಹೋಗಿ ಗೀಟು ಬೀಳೋದು. ಶಂಟಿಂಗ್‌ನವರಿಗೆಲ್ಲ ಗೊತ್ತಿತ್ತು."

"ರೂಲ್ ಪುಸ್ತಕದಲ್ಲಿ ಸೀಮೆಸುಣ್ಣದಲ್ಲೇ ಹಾಕಬೇಕು ಅಂತ ಇದೆಯಲ್ಲ?"

"ಪುಸ್ತಕ ಬರೆದವನು ಮಳೇಲಿ ನಿಂತಿದ್ನಾ?"

"ಆಮೇಲೆ ಮಳೆ ಜೋರಾದ್ರೆ?"

"ಜೋರಾದ್ರೆ ಸುತ್ತಲಿನ ಮಸಿಯೂ ತೊಳೆದು ಹೋಗುತ್ತೆ. ಗೀಟು ಎಲ್ಲಿ ಅಂತ ಹುಡುಕ್ತೀಯ?"

ನಾನು ಸ್ಟೂಲಿನ ಮೇಲೆ ಕೂತೆ. ಯಾರಾದರೂ ಇದನ್ನು ವಿಚಾರಣೆಯಲ್ಲಿ ಹೇಳಬಹುದಿತ್ತಲ್ಲ ಎಂದು ಕೇಳಿದೆ. ತಾತ ನಕ್ಕರು. "ಪುಸ್ತಕ ಮೀರ್ತಿದ್ವಿ ಅಂತ ನಾವೇ ಒಪ್ಕೊಳ್ಳೋಕಾಗುತ್ತಾ? ಯಾರು ಕೇಳಿದ್ರೂ ಸೀಮೆಸುಣ್ಣದಲ್ಲೇ ಹಾಕಿದ್ದು ಅನ್ನೋದು. ಎಲ್ಲರೂ ಹಾಗೇ ಹೇಳ್ತಿದ್ರು."

ನೀನೂ ಹಾಗೇ ಹೇಳಿದ್ದೆ ಅಪ್ಪ. ಸೀಮೆಸುಣ್ಣದಲ್ಲಿ ಹಾಕಿದ್ದೆ ಎಂದು ನೀನು ಬರೆದುಕೊಟ್ಟದ್ದು ನನಗೆ ಗೊತ್ತು.

ನಾನು ತಾತನಿಗೆ ನಂಬರ್ ತೋರಿಸಿದೆ. ಅದನ್ನು ತಪಾಸಣೆ ಮಾಡಿದವರ ಮಗಳು ನಾನು ಎಂದೂ ಹೇಳಿದೆ. ಅವರ ಚಾಚಿದ ಕೈ ಕೆಳಗಿಳಿಯಿತು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಮೊದಲೇ ಹೇಳಿದ್ರೆ ಈ ವ್ಯಾಗನ್ನ ಬೇರೆಯವರಿಗೆ ಕೊಡ್ತಿದ್ದೆ," ಎಂದರು ಭೂತಗನ್ನಡಿ.

"ಬೇರೆ ಯಾರಿದ್ದಾರೆ?"

"ಅದೂ ನಿಜ."

ಆಮೇಲೆ ತಾತ ಮೆಲ್ಲಗೆ, "ಅಳಿಸಿಬಿಡಮ್ಮ. ಗುರುತಿರಲಿಲ್ಲ ಅಂತ ವರದಿಯಲ್ಲಿದೆ. ಹಾಲ್‌ನಲ್ಲಿ ಇದನ್ನ ನೋಡಿದ ಕೂಡಲೇ ನಾಲ್ಕು ಜನ ಜಗಳಕ್ಕೆ ನಿಲ್ತಾರೆ" ಎಂದರು. ನಾನು ಆಗುವುದಿಲ್ಲ ಎಂದೆ. ಮರ್ಯಾದೆಯಿಂದಲೇ ಎಂದೆ, ಆದರೆ ದನಿ ಸ್ವಲ್ಪ ಏರಿತ್ತು. ವರದಿ ಬರೆದವರು ಮಳೆಯಲ್ಲಿ ನಿಂತಿದ್ದರಾ ಎಂದು ಅವರ ಮಾತನ್ನೇ ಅವರಿಗೆ ತಿರುಗಿಸಿದೆ. ತಾತ ಕೋಪಿಸಿಕೊಳ್ಳಲಿಲ್ಲ. "ಮಗಳು ಹಾಕಿದ ಗುರುತಾಗುತ್ತೆ ಕಣಮ್ಮ, ಅಪ್ಪ ಹಾಕಿದ್ದು ಆಗಲ್ಲ" ಎಂದರು.

ಆಗ ಭೂತಗನ್ನಡಿ ಗಾಜನ್ನು ಹಣೆಗೆ ಏರಿಸಿ, "ಇವರು ಹೇಳಿದ್ರು ಅಂತ ತೆಗೆಯೋದೂ ಬೇಡ, ನಿನಗೆ ಬೇಕು ಅಂತ ಹಾಕೋದೂ ಬೇಡ. ಅವತ್ತು ಆ ವ್ಯಾಗನ್ ಪಕ್ಕ ನಿಂತಿದ್ದವರು ಯಾರು?" ಎಂದರು.

"ಅಪ್ಪ ಒಬ್ಬರೇ."

"ಮತ್ತೆ ಅವರನ್ನ ಕೇಳದೆ ನಾವು ಮೂರು ಜನ ಇಲ್ಲಿ ಏನು ಮಾಡ್ತಿದ್ದೀವಿ? ಅವರಿಗೇ ಕಳಿಸು."

ಸಿಗ್ನಲ್ ತಾತ ಹೊರಡುವಾಗ ಬಾಗಿಲಲ್ಲಿ ತಿರುಗಿ, "ಅವನು ಹೇಗೆ ಮಾಡಿ ಕಳಿಸ್ತಾನೋ ಹಾಗೇ ಇರಲಿ. ಸಂಘದಲ್ಲಿ ನಾನು ಮಾತಾಡ್ಕೋತೀನಿ" ಎಂದರು.

ಅದಕ್ಕೇ ಈ ಡಬ್ಬಿ. ನನ್ನ ಬೆರಳಿನ ಗೀಟನ್ನು ಅಳಿಸಿ, ಹೊಸದಾಗಿ ಪುಡಿ ಸವರಿ, ವಾರ್ನಿಷ್ ಹೊಡೆಯದೆ ಕಳಿಸುತ್ತಿದ್ದೇನೆ. ಹತ್ತಿಯ ಗೂಡಿನಲ್ಲಿ ಚಕ್ರಗಳನ್ನು ಮಾತ್ರ ಒತ್ತಿ ಕೂರಿಸಿದ್ದೇನೆ, ಪಕ್ಕಕ್ಕೆ ಏನೂ ತಾಗುವುದಿಲ್ಲ. ಎತ್ತುವಾಗ ಚಕ್ರ ಹಿಡಿದು ಎತ್ತು. ಜೊತೆಗಿರುವ ಕಡ್ಡಿಯ ತುದಿಯನ್ನು ನೀರಿಗೆ ಅದ್ದಿ ಬಟ್ಟೆಗೆ ಒತ್ತಿ, ಎಲ್ಲಿ ಹಾಕಿದ್ದೆಯೋ ಅಲ್ಲಿ, ಹೇಗೆ ಹಾಕಿದ್ದೆಯೋ ಹಾಗೆ ಎಳೆ. ಒಂದು ಸಲ ಎಳೆದರೆ ಮುಗಿಯಿತು, ತಿದ್ದಲು ಬರುವುದಿಲ್ಲ. ಕೈ ನಡುಗಿದರೆ ನಡುಗಲಿ, ಅದೂ ಇರುತ್ತದೆ.

ಹಾಕಿರಲಿಲ್ಲ ಎಂದಾದರೆ ಮುಟ್ಟದೆ ಹಾಗೆಯೇ ವಾಪಸ್ ಕಳಿಸು. ನಾನು ಏನೂ ಕೇಳುವುದಿಲ್ಲ, ಹಾಗೆಯೇ ವಾರ್ನಿಷ್ ಹೊಡೆದು ಯಾರ್ಡಿನ ಹಲಗೆಯ ಮೇಲೆ ಇಡುತ್ತೇನೆ. ನಿನ್ನನ್ನು ಸಮಾಧಾನ ಮಾಡಲು ಇದನ್ನು ಕಳಿಸುತ್ತಿದ್ದೇನೆ ಎಂದು ತಿಳಿಯಬೇಡ. ಆಗಸ್ಟ್ ಐದಕ್ಕೆ ಹಾಲ್ ತೆರೆಯುತ್ತಾರೆ, ಅದರ ಒಂದು ವಾರ ಮುಂಚೆ ನನ್ನ ಕೈ ಸೇರಿದರೆ ಸಾಕು.

ಅಕ್ಕ ನಿನ್ನ ಮೊಣಕಾಲಿನ ನೋವು ಹೇಗಿದೆ ಎಂದು ಕೇಳಲು ಹೇಳಿದ್ದಾಳೆ. ಗೇಟಿನ ಹತ್ತಿರ ಕುರ್ಚಿ ಕೊಟ್ಟಿದ್ದಾರಾ ಎಂದು ಭಾವ ಕೇಳುತ್ತಿದ್ದಾರೆ. ಕೊಡದಿದ್ದರೆ ಕೇಳಿ ತೆಗೆದುಕೋ, ಸಂಕೋಚಪಡಬೇಡ. ನಿನ್ನ ಕೈ ನನ್ನ ತಲೆಯ ಮೇಲೆ ಇದೆ ಎಂದುಕೊಂಡೇ ಇದನ್ನು ಮಾಡಿದ್ದೇನೆ. ಹರಸು.

ನಿನ್ನ
ಬುಗುರಿ

ಮರೆತಿದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು: ವಿಚಾರಣೆಯ ಸಾಹೇಬರು ಮನೆಗೆ ಬಂದ ದಿನ ನೀನು ಒಳಗಿನ ಕೋಣೆಯಲ್ಲಿದ್ದೆ. ಅವರು ನನ್ನನ್ನು ಹತ್ತಿರ ಕರೆದು, "ಅವತ್ತು ನಿಮ್ಮಪ್ಪ ಮನೆಗೆ ಬಂದಾಗ ಕೈಗೆ ಸೀಮೆಸುಣ್ಣ ಮೆತ್ತಿತ್ತಾ ಮಗು?" ಎಂದು ಕೇಳಿದರು. ದಿನಾ ಮೆತ್ತಿರುತ್ತಿತ್ತು, ಅವತ್ತು ಇರಲಿಲ್ಲ. ನಾನು ಇರಲಿಲ್ಲ ಎಂದೆ. ಅವರು ಅದನ್ನು ಬರೆದುಕೊಂಡರು. ನಿನಗೆ ಕೇಳಿಸಿತ್ತು ಎಂದು ನನಗೆ ಗೊತ್ತು, ಯಾಕೆಂದರೆ ನೀನು ಆಮೇಲೆ ಹೊರಗೆ ಬಂದು ಸಾಹೇಬರು ಏನು ಕೇಳಿದರು ಎಂದು ವಿಚಾರಿಸಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಸಾಹೇಬರ ಮಗ ನಮ್ಮ ಶಾಲೆಯಲ್ಲೇ ಇದ್ದ. ಮರುವಾರ ಟೀಚರ್ ನನ್ನನ್ನು ಎದ್ದು ನಿಲ್ಲಿಸಿ, ಸ್ವಂತ ಅಪ್ಪನಿಗಾಗಿಯೂ ಸುಳ್ಳು ಹೇಳದ ಹುಡುಗಿ ಎಂದು ಇಡೀ ತರಗತಿಯ ಕೈಯಲ್ಲಿ ಚಪ್ಪಾಳೆ ಹೊಡೆಸಿದರು. ಮಾರನೇ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ.

ಅವತ್ತು ನಿನ್ನ ತೋರುಬೆರಳು ಉಗುರಿನ ಸಂದಿಯವರೆಗೂ ಕಪ್ಪಾಗಿತ್ತು, ಅಪ್ಪ. ನೀನು ಸೋಪು ಹಾಕಿ ಎರಡು ಸಲ ತೊಳೆದೆ, ಹೋಗಲಿಲ್ಲ. ನಿನ್ನ ಕೈಯಲ್ಲಿ ಮಸಿ ಇರುವುದು ದೊಡ್ಡ ವಿಷಯವಲ್ಲ, ಅದರಿಂದ ಏನೂ ಸಾಬೀತಾಗುತ್ತಿರಲಿಲ್ಲವೇನೋ. ಆದರೆ ನಾನು ಅದನ್ನು ನೋಡಿದ್ದೆ. ಸಾಹೇಬರು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು, ನಿಜ ಹೇಳಿದೆ ಎಂದು ಆರು ವರ್ಷ ಅಂದುಕೊಂಡಿದ್ದೆ.

ನೀನು ಊರು ಬಿಟ್ಟದ್ದು ಕೆಲಸ ಹೋಯಿತೆಂದೋ, ನನ್ನ ಮುಖ ನೋಡಲಾಗದೆಯೋ? ಇದನ್ನು ಬರೆದು ತಿಳಿಸಬೇಡ. ನನ್ನಿಂದಲೇ ಆಗಿದ್ದರೂ, ಬಂದು ಹೇಳು.