ಎಡಗೈಯ ಆಶೀರ್ವಾದ

ವನಗೂರು
೧೭-೫-೧೯೯೮

ಪ್ರೀತಿಯ ತಮ್ಮ ನಟರಾಜನಿಗೆ,

ನಿನ್ನ ಅಣ್ಣನ ಎಡಗೈ ಮಾಡುವ ಆಶೀರ್ವಾದ. ಎಡಗೈಯಲ್ಲಿ ಹರಸಬಾರದು ಅನ್ನುತ್ತಾರೆ; ಬಲಗೈಗೆ ಐದು ತಿಂಗಳಿಂದ ರಜೆ, ಆದ್ದರಿಂದ ಬಂದದ್ದನ್ನು ಸ್ವೀಕರಿಸು. ಆರೋಗ್ಯ ಹೇಗಿದೆ? ಅರಕಲಗೂಡಿನ ಮಾವನ ಮನೆಯ ಊಟಕ್ಕೆ ಹೊಟ್ಟೆ ಬಂದಿರಬೇಕು. ಬಿ.ಪಿ. ನೋಡಿಸಿಕೋ. ನಗಬೇಡ, ನಮ್ಮಪ್ಪನಿಗೂ ಇತ್ತಂತೆ.

ಇಲ್ಲಿ ನನಗೆ ಹೊಸ ಉದ್ಯೋಗ ಸಿಕ್ಕಿದೆ. ಇಪ್ಪತ್ತೆರಡು ವರ್ಷ ಎಸ್ಟೇಟಿನ ರೈಟರ್ ಆಗಿ ಆಳುಗಳ ಹಾಜರಿ ಬರೆದವನು ಈಗ ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ಕಾಫಿ ಬೀಜ ಹಾಕುತ್ತೇನೆ, ಬಲಗೈಯಲ್ಲಿ, ಒಂದೊಂದಾಗಿ. ಹಾಸನದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ನೇತ್ರಾವತಿ ಎಂಬ ಹುಡುಗಿಯ ಆಜ್ಞೆ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಅಲ್ಲಿ ಒಂದು ಭಾಗ ಸತ್ತಿದೆಯಂತೆ. ಕೈಯಲ್ಲಿ ದೋಷವಿಲ್ಲ, ಹುಕುಂ ಕೊಡುವವನಿಲ್ಲ. ಪಕ್ಕದ ಭಾಗಕ್ಕೆ ಆ ಕೆಲಸ ಕಲಿಸಬೇಕು, ಅದಕ್ಕೇ ಬೀಜ. ಹತ್ತು ಹಾಕುವಷ್ಟರಲ್ಲಿ ಬೆವರು ಕಿತ್ತು ಬರುತ್ತದೆ. ಕೂಲಿ ಲೈನಿನ ರಾಮಮ್ಮ ದಿನವೂ ಬೇಲಿಯಾಚೆ ನಿಂತು, "ರೈಟ್ರೇ, ಇವತ್ತೆಷ್ಟು ಕೇಜಿ ಕುಯ್ದ್ರಿ?" ಎಂದು ಕೇಳುತ್ತಾಳೆ. ಹಣ್ಣಿನ ಜೊತೆ ಕಾಯಿ ಕುಯ್ದೆ ಎಂದು ವರ್ಷಗಟ್ಟಲೆ ಅವಳನ್ನು ಬೈದವನು ನಾನೇ ತಾನೆ, ಕೇಳಲಿ.

ಡಿಸೆಂಬರಿನ ಆ ಬೆಳಿಗ್ಗೆ ನಿನಗೂ ನೆನಪಿದೆ. ಕಾಫಿ ಲೋಟ ಕೈಜಾರಿತು, ಬಾಯಿ ಒಂದು ಕಡೆ ಎಳೆಯಿತು. ನಾನು ಎಸ್ಟೇಟಿನ ಸಾಹುಕಾರರನ್ನು ಅಣಕಿಸುತ್ತಿದ್ದೇನೆಂದು ನಿನ್ನ ಅತ್ತಿಗೆ ಚೆಲುವಮ್ಮ ಬಿದ್ದು ಬಿದ್ದು ನಕ್ಕಳು. ನನ್ನ ಹಾಸ್ಯಕ್ಕೆ ಅವಳು ನಕ್ಕದ್ದು ಅದೊಂದೇ ಸಲ. ನೀನು ಮಾತ್ರ, ದಿನವೂ ಓಡಿಸುತ್ತಿದ್ದ ಎಸ್ಟೇಟ್ ಜೀಪಿಗೆ ನನ್ನನ್ನು ಎತ್ತಿ ಹಾಕಿಕೊಂಡು ಹಾಸನಕ್ಕೆ ಹೊರಟೆ. ಆದರೆ ಆಲೂರಿನಲ್ಲಿ ಜೀಪು ಕುಂದೂರಿನ ಕಡೆ ತಿರುಗಿತು, ನಾಟಿ ಔಷಧಿಯ ಭೂತಯ್ಯನ ಮನೆಗೆ. ಮೂರು ದಿನ ಪಾರಿವಾಳದ ರಕ್ತ ಹಚ್ಚಿಸಿಕೊಂಡು ಗಾಳಿಯಾಡದ ಕೋಣೆಯಲ್ಲಿ ಬಿದ್ದಿದ್ದೆ. ಏಳು ಪಾರಿವಾಳ ಸತ್ತವು. ನನ್ನ ಒಂದು ಬೆರಳೂ ಏಳಲಿಲ್ಲ. ಬಸ್ಸಿನಲ್ಲಿ ಹಾಸನಕ್ಕೆ ಬಂದ ನಿನ್ನ ಅತ್ತಿಗೆ ವಾರ್ಡು ವಾರ್ಡು ಹುಡುಕಿ, ಕೊನೆಗೆ ನಮ್ಮ ಪತ್ತೆ ಹಚ್ಚಿ, ನಾಲ್ಕನೆಯ ದಿನ ಅವಳೇ ಆಸ್ಪತ್ರೆಗೆ ಎಳೆದೊಯ್ದಳು. ಮೊದಲ ದಿನವೇ ಬಂದಿದ್ದರೆ ಇಷ್ಟು ಬಲಿಯುತ್ತಿರಲಿಲ್ಲ ಎಂದರು ಡಾಕ್ಟರು. ಆಗ ಹೊರಗಿನ ಬೆಂಚಿನ ಹತ್ತಿರ ಅವಳು ನಿನಗೆ ಹೇಳಿದ್ದು ನನಗೂ ಕೇಳಿಸಿತು: "ಅಣ್ಣನ ಕೈಕಾಲು ತಿಂದ್ಬುಟ್ಟೆಯಲ್ಲೋ! ಇನ್ನು ನಮ್ಮನೆ ಹೊಸಿಲು ತುಳೀಬ್ಯಾಡ." ನೀನು ಒಂದು ಮಾತೂ ಆಡದೆ ಜೀಪಿನ ಬೀಗದ ಕೈ ಒಪ್ಪಿಸಿ ಹೋಗಿಬಿಟ್ಟೆ. ನಾನೂ ಆಡಲಿಲ್ಲ. ನನಗೆ ಬಾಯಿ ಬಿದ್ದಿತ್ತು, ಒಳ್ಳೆಯ ಸಬೂಬು.

ಬಾಯಿ ವಾಪಸು ಬಂದು ಎರಡು ತಿಂಗಳಾಯಿತು. ಬೈಗುಳವೆಲ್ಲ ಸ್ಪಷ್ಟ. ನಡೆಯುತ್ತೇನೆ ಕೂಡ, ಬಲಗಡೆ ಒಬ್ಬರು ಹಿಡಿದುಕೊಂಡರೆ. ಅತ್ತಿಗೆ ಹಿಡಿಯುತ್ತಾಳೆ, ಹೆಜ್ಜೆಗೊಂದು ಸಲ ನಿನ್ನನ್ನು ಶಪಿಸುತ್ತಾಳೆ. ನೇತ್ರಾವತಿ ಹೆಜ್ಜೆ ಎಣಿಸಲು ಹೇಳಿದ್ದಾಳೆ. ನಾನು ಶಾಪ ಎಣಿಸುತ್ತೇನೆ. ನಿನ್ನೆ ನಲವತ್ತು.

ಮಕ್ಕಳಿಗೆ ಆಶೀರ್ವಾದ, ನಿನ್ನ ಮಾವನವರಿಗೆ ನಮಸ್ಕಾರ. ಎರಡೂ ಅದೇ ಕೈಯಿಂದ.

ನಿನ್ನ ಅಣ್ಣ,
ರಂಗಸ್ವಾಮಿ

ತಾ.ಕ.: ಆಲೂರಿನಲ್ಲಿ "ಆಸ್ಪತ್ರೆ ಬ್ಯಾಡ ಕಣೋ, ಭೂತಯ್ಯ" ಎಂದು ಅರ್ಧ ಬಾಯಲ್ಲಿ ತೊದಲಿದವನು ನಾನು. ನೀನು ಆಗೋದಿಲ್ಲ ಎಂದಾಗ ಎಡಗೈಯಲ್ಲಿ ಸ್ಟೇರಿಂಗ್ ಹಿಡಿದು ಎಳೆದವನೂ ನಾನು. ಆಸ್ಪತ್ರೆಯಲ್ಲಿ ಬಿ.ಪಿ. ಮಾತ್ರೆಯ ಮಾತು ಬಂದೇ ಬರುತ್ತಿತ್ತು. ಅತ್ತಿಗೆ ದಿನವೂ ಕೈಗಿಟ್ಟ ಮಾತ್ರೆಯನ್ನು, ಚೆನ್ನಾಗಿಯೇ ಇದ್ದೇನಲ್ಲ ಎಂದು, ಒಂದು ವರ್ಷದಿಂದ ಹಿತ್ತಿಲ ಮೆಣಸಿನ ಬಳ್ಳಿಯ ಬುಡಕ್ಕೆ ಹಾಕುತ್ತಿದ್ದೆ. ಬಳ್ಳಿ ಆರೋಗ್ಯವಾಗಿದೆ. ಅವಳು ಡಾಕ್ಟರಿಗೆ, "ಒಂದಿನಾನೂ ತಪ್ಪಿಸಿಲ್ಲ, ನಾನೇ ಕೊಟ್ಟಿವ್ನಿ" ಎಂದು ಸಾಕ್ಷಿ ಹೇಳಿದಳು. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಲು ನನಗೆ ಇನ್ನೂ ಆಗಿಲ್ಲ. ಈ ಪತ್ರವನ್ನು ಪೋಸ್ಟಿಗೆ ಹಾಕುವವಳು ಅವಳೇ. ಒಂದು ಕೈಯಲ್ಲಿ ಅಂಟಿಸಲು ಬರುವುದಿಲ್ಲ ಎಂದು ಲಕೋಟೆಯನ್ನು ತೆರೆದೇ ಕೊಡುತ್ತಿದ್ದೇನೆ. ನಿನಗೆ ತಲುಪಿದರೆ, ಓದಿಯೇ ಅಂಟಿಸಿದ್ದಾಳೆಂದು ತಿಳಿ. ಕೂಡಲೇ ಹೊರಟು ಬಾ. ಬಲಗಡೆ ಹಿಡಿಯಲು ಆಮೇಲೆ ಯಾರೂ ಇರಲಿಕ್ಕಿಲ್ಲ.