ಸದ್ದಿಲ್ಲದೆ ಬಂದ ನೀರು

ಅಣೆಕಟ್ಟಿನ ಗೇಟುಗಳನ್ನು ತೆರೆಯುವ, ಮುಚ್ಚುವ ಅಧಿಕಾರ ಹೊತ್ತ ಮಾನ್ಯರೇ,

ಕಳೆದ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ತಾವು ಸೈರನ್ ಕೂಗಿಸದೆ ನದಿಗೆ ನೀರು ಬಿಟ್ಟಿರಿ. ಆ ಹೊತ್ತಿನಲ್ಲಿ ನದಿಯ ನಡುವಿನ ಮರಳುದಿಬ್ಬದ ಮೇಲೆ ನನ್ನ ಅತ್ತೆ, ಏಳು ವರ್ಷದ ಮಗಳು ಮತ್ತು ನಾನು ಇದ್ದೆವು. ಮೂವರೂ ಬದುಕಿದ್ದೇವೆ. ಆದ್ದರಿಂದ ತಮ್ಮ ಕಡತದ ಪ್ರಕಾರ ಅಂದು ಏನೂ ನಡೆದಿಲ್ಲ. ನಡೆದದ್ದನ್ನು ನಾನೇ ಬರೆಯುತ್ತಿದ್ದೇನೆ.

ಕಾರು ಓಡಿಸುವುದನ್ನು ಕಲಿಸುವುದು ನನ್ನ ಕಸುಬು. 'ಮೊದಲು ಫಲಕ ಹೇಳಿದ್ದನ್ನು ಮಾಡಿ, ನಿಮ್ಮ ಬುದ್ಧಿ ಆಮೇಲೆ ಓಡಿಸಿ' ಎಂದು ದಿನಕ್ಕೆ ಹತ್ತು ಸಲ ಹೇಳುವವಳು. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅತ್ತೆ ವರ್ಷವಿಡೀ ಮನೆಯೊಳಗೇ ಇದ್ದರು. ಅವರಿಗಾಗಿಯೇ ನಾಲ್ಕು ದಿನ ರಜೆ ಹಾಕಿ, ಗಂಡ, ಮಗಳ ಜೊತೆ ಹೊರಟೆವು. ಒಂದು ನದಿಯ ಕಣಿವೆ ಇಳಿದು ಹತ್ತಿದರೆ ಇನ್ನೊಂದು ಕಣಿವೆ, ಅಂಥ ದಾರಿ. ಇಳಿಜಾರಿನ ತುಂಬ, ಬಾಚಿದ ತಲೆಯಂತೆ, ಸಾಲುಸಾಲು ದ್ರಾಕ್ಷಿತೋಟ. ವೈನ್ ತಯಾರಿಸುವ ಒಂದು ಕಡೆ ರುಚಿ ನೋಡಲು ಕೊಟ್ಟ ಲೋಟವನ್ನು ಅತ್ತೆ ಮೂಸಿ ಹಿಂದಿರುಗಿಸಿದರು. "ಅಷ್ಟು ಒಳ್ಳೇ ಹಣ್ಣನ್ನ ಹಾಗೇ ತಿನ್ನೋಕೆ ಏನಾಗಿತ್ತಂತೆ ಇವ್ರಿಗೆ?" ಕಾರಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೂರನೇ ದಿನ ನದಿ ಕಂಡಾಗ, "ಇಲ್ಲಿ ಸ್ವಲ್ಪ ಇಳಿಯೋಣ್ವಾ? ಕಾಲು ನೀರಲ್ಲಿಡ್ಬೇಕು ಅನ್ನಿಸ್ತಿದೆ" ಅಂದವರು ಅತ್ತೆಯೇ. ದಡದಲ್ಲಿ ತಮ್ಮ ಇಲಾಖೆಯ ಫಲಕವಿತ್ತು: 'ಸೈರನ್ ಕೇಳಿದ ಹತ್ತು ನಿಮಿಷದೊಳಗೆ ನದಿಪಾತ್ರದಿಂದ ಮೇಲೆ ಬನ್ನಿ.' ನಾನು ಎರಡು ಸಲ ಓದಿದೆ, ಗಂಡನಿಗೂ ಓದಿ ಹೇಳಿದೆ. ಪಾದ ಮುಳುಗುವಷ್ಟು ನೀರು ದಾಟಿ, ದಿಬ್ಬದ ಅಂಚಿನಲ್ಲಿ ಮಡಿಸುವ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆವು. ಗಂಡ ಊಟದ ಚೀಲ ತರಲು ಕಾರಿನತ್ತ ಹೋದ.

ಮೊದಲು ಮಗಳ ಚಪ್ಪಲಿ ತೇಲಿತು. ಅವಳು ನಕ್ಕಳು. ನಾನು ತಿರುಗಿ ನೋಡುವಷ್ಟರಲ್ಲಿ ನೀರಿನ ಬಣ್ಣವೇ ಬದಲಾಗಿತ್ತು. ಮೇಲಿನ ತೋಟದಲ್ಲಿ ದ್ರಾಕ್ಷಿ ಕೊಯ್ಯುತ್ತಿದ್ದ ಹೆಂಗಸೊಬ್ಬಳು ಎರಡೂ ಕೈ ಬೀಸುತ್ತ, "ಬನ್ರೀ, ಮೇಲಕ್ಕೆ ಬನ್ರೀ!" ಎಂದು ಅರಚಿದಳು. ಅಂದಿನ ಮಟ್ಟಿಗೆ ತಮ್ಮ ಇಲಾಖೆಯ ಕೆಲಸ ಮಾಡಿದವಳು ಅವಳೊಬ್ಬಳೇ. ಬಲಗೈಯಲ್ಲಿ ಮಗಳನ್ನು, ಎಡಗೈಯಲ್ಲಿ ಅತ್ತೆಯನ್ನು ಹಿಡಿದು ನೀರಿಗಿಳಿದೆ. ಐದು ಹೆಜ್ಜೆ ಇಡುವಷ್ಟರಲ್ಲಿ ನೀರು ನನ್ನ ಸೊಂಟಕ್ಕೆ, ಮಗಳ ಕತ್ತಿಗೆ ಬಂತು. ಅವಳ ಕಾಲು ನೆಲ ಬಿಟ್ಟಿತು. ಎತ್ತಿಕೊಳ್ಳಲು ಎರಡೂ ಕೈ ಬೇಕಿತ್ತು.

"ಮಗೂನ ಎತ್ಕೊಳ್ಳೇ. ನನ್ನ ಬಿಡು," ಅಂದರು ಅತ್ತೆ.

ಬಿಟ್ಟೆ.

ಮಾನ್ಯರೇ, ನೀರು ಬಿಟ್ಟವರು ತಾವು, ಕೈ ಬಿಟ್ಟವಳು ನಾನು. ಅಂದಿನಿಂದ ನನಗೆ ನಿದ್ದೆಯಿಲ್ಲ. ತಮಗೆ?

ಅತ್ತೆ ನೂರು ಅಡಿ ಕೊಚ್ಚಿಹೋಗಿ, ನೀರಿಗೆ ಬಾಗಿದ ಮರವೊಂದಕ್ಕೆ ಸಿಕ್ಕಿಕೊಂಡರು. ನನ್ನ ಗಂಡ ಮತ್ತು ಕೊಯ್ಲಿನವರು ಬಳ್ಳಿ ಕಟ್ಟುವ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿದು ಅವರನ್ನು ಎಳೆದು ತಂದರು. ಎರಡು ಪಕ್ಕೆಲುಬು ಮುರಿದಿದ್ದವು.

ತಮ್ಮ ಕಚೇರಿಗೆ ಮೂರು ಸಲ ಅಲೆದೆ. ತಮ್ಮ ಗುಮಾಸ್ತರು ಪ್ರಾಮಾಣಿಕರು: "ಯಾರೂ ಸತ್ತಿಲ್ವಲ್ಲ ಮೇಡಂ, ಯಾವ ಕಾಲಂನಲ್ಲಿ ಬರ್ಕೊಳ್ಳಲಿ?" ಕೊನೆಗೆ ಲಿಖಿತ ಉತ್ತರ ಬಂತು: 'ಸೈರನ್ ಸುಸ್ಥಿತಿಯಲ್ಲಿದೆ. ಕಣಿವೆಯ ವಸತಿಗೃಹಗಳ ಮನವಿಯ ಮೇರೆಗೆ, ಅತಿಥಿಗಳ ವಿಶ್ರಾಂತಿಗೆ ಭಂಗವಾಗದಂತೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೊಳಗಿಸಲಾಗುವುದಿಲ್ಲ.' ಆಹಾ! ವೈನ್ ಕುಡಿದು ಮಲಗಿದವರ ನಿದ್ದೆ ಅಷ್ಟು ನಾಜೂಕೇ? ಸೈರನ್ನಿಗೆ ವಿಶ್ರಾಂತಿ ಕೊಟ್ಟ ತಾವು ಅದೇ ಎರಡು ಗಂಟೆ ಗೇಟಿಗೂ ವಿಶ್ರಾಂತಿ ಕೊಡಬಹುದಿತ್ತಲ್ಲ? ಈ ಸುದ್ದಿ ಫಲಕದಲ್ಲಿ ಏಕಿಲ್ಲ? ಜಾಗ ಸಾಲಲಿಲ್ಲವೇ?

ಅತ್ತೆ ನನ್ನ ಮೇಲೆ ಮುನಿದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಮೊನ್ನೆ ಅವರ ಗಾಯಕ್ಕೆ ಮುಲಾಮು ಹಚ್ಚುವಾಗ, "ಅತ್ತೆ, ನಾನು ಕೈ ಬಿಟ್ಬಿಟ್ಟೆ" ಅಂದೆ.

"ನೀನೆಲ್ಲಿ ಬಿಟ್ಟೆ? ನಾನೇ ಬಿಡಿಸ್ಕೊಂಡೆ," ಅಂದರು. ಅದು ಸುಳ್ಳು, ನನ್ನ ಬೆರಳುಗಳಿಗೆ ಗೊತ್ತು. ಆಮೇಲೆ ಗೋಡೆ ನೋಡುತ್ತ ಹೇಳಿದರು: "ಎಲ್ಲಾ ನನ್ನಿಂದಾನೇ ಆಗಿದ್ದು ಕಣೇ. ಈ ವಯಸ್ಸಲ್ಲಿ ನೀರಿಗೆ ಕಾಲಿಡೋ ಚಪಲ ನನಗ್ಯಾಕೆ ಬೇಕಿತ್ತು?" ಈಗ ಬೀದಿಯ ತುದಿಯವರೆಗೆ ಕರೆದರೂ, "ನನ್ನಿಂದ ಮತ್ತೆ ಯಾರಿಗೂ ತೊಂದ್ರೆ ಬೇಡ" ಎಂದು ಮಗ್ಗುಲು ಬದಲಿಸುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಯಾರ ನಿದ್ದೆ ಕೆಟ್ಟರೂ ಸರಿಯೇ, ಸೈರನ್ ಕೂಗದೆ ಗೇಟು ತೆರೆಯಕೂಡದೆಂದು ಈ ವಾರವೇ ಆದೇಶ ಹೊರಡಿಸಿ. ಜೊತೆಗೆ ನನ್ನ ಅತ್ತೆಗೆ ಒಂದು ಪತ್ರ ಬರೆಯಿರಿ. ಪರಿಹಾರ ಬೇಡ, ಸಾಂತ್ವನವೂ ಬೇಡ. 'ಅಮ್ಮಾ, ತಪ್ಪು ನಮ್ಮದು' ಎಂಬ ಒಂದೇ ಸಾಲು. ಕೆಳಗೆ ತಮ್ಮ ಸಹಿ, ಮೊಹರು. ನಾವು ಎಷ್ಟು ಹೇಳಿದರೂ ಅವರು ನಂಬುತ್ತಿಲ್ಲ. ಸರ್ಕಾರದ ಕಾಗದವನ್ನು, ಪಾಪ, ಇನ್ನೂ ನಂಬುತ್ತಾರೆ.

ಇಂತಿ,
ಎರಡೇ ಕೈ ಇರುವ ಸೊಸೆ