ಸೊನ್ನೆಯನ್ನೂ ಬರೆಯಬೇಕು

ಗುಡ್ಡದ ಕೊನೆಯ ಮೆಟ್ಟಿಲು,
ಅಕ್ಟೋಬರ್ ೧೪, ಬೆಳಗ್ಗೆ ಎಂಟು ನಲವತ್ತು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಡ ಮೊಣಕಾಲು ಈಗಲೂ ಥಂಡಿಗೆ ಹಿಡಿದುಕೊಳ್ಳುತ್ತದೆಯೇ? ದಿನವೂ ಕ್ರೇನಿನ ಏಣಿ ಹತ್ತಿ ಇಳಿಯುವವನಿಗೆ ಅದು ಸಣ್ಣ ನೋವಲ್ಲ. ನೀನು ವರ್ಷಕ್ಕೊಮ್ಮೆ ಅತ್ತೆಗೆ ಹಾಕುವ ಕಾರ್ಡಿನಲ್ಲಿ 'ಚೆನ್ನಾಗಿದ್ದೇನೆ' ಎನ್ನುವುದು ಬಿಟ್ಟು ಬೇರೇನೂ ಇರುವುದಿಲ್ಲ. ಅತ್ತೆ ಅದನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದುತ್ತಾರೆ. "ಇವನಿಗೆ ಮಾತು ಅಂದ್ರೆ ಹಲ್ಲು ಕೀಳಿಸ್ಕೊಂಡ ಹಾಗೆ" ಎಂದು ಬೈದು, ಅಡುಗೆಮನೆಯ ಗೋಡೆಗೆ ಸಿಕ್ಕಿಸುತ್ತಾರೆ. ಈಗ ಅಲ್ಲಿ ಆರು ಕಾರ್ಡುಗಳಿವೆ. ಅಪ್ಪ ನೀರು ಕುಡಿಯುವ ನೆಪದಲ್ಲಿ ಹೋಗಿ ಅವುಗಳ ಮುಂದೆ ನಿಂತಿರುತ್ತಾರೆ. ನಾವು ನೋಡದವರ ಹಾಗೆ ಇರುತ್ತೇವೆ.

ಅಪ್ಪನ ಆರೋಗ್ಯ ಸರಿಯಿಲ್ಲ ಅಣ್ಣಾ. ಹೃದಯ ದೊಡ್ಡದಾಗಿದೆ ಎಂದು ಡಾಕ್ಟರು ಹೇಳಿದಾಗ ಅತ್ತೆ, "ಈಗ್ಲಾದ್ರೂ ಆಯ್ತಲ್ಲ" ಎಂದರು. ಅಪ್ಪನೂ ನಕ್ಕರು. ಆದರೆ ಡಾಕ್ಟರು ಅತ್ತೆಯನ್ನು ಬಾಗಿಲಾಚೆ ಕರೆದು, ಈ ಚಳಿಗಾಲ ದಾಟಿದರೆ ನೋಡೋಣ ಎಂದದ್ದನ್ನು ನಾನು ಔಷಧಿ ಚೀಟಿ ಹಿಡಿದುಕೊಂಡು ಕೇಳಿಸಿಕೊಂಡೆ. ಮೆಟ್ಟಿಲು ಹತ್ತಲೇಬಾರದಂತೆ. ನಿನಗೆ ಗೊತ್ತಲ್ಲ, ಮನೆಯ ಹಿಂದಿನ ಗುಡ್ಡಕ್ಕೆ ನೂರ ಹದಿನಾರು ಮೆಟ್ಟಿಲು, ಮೇಲೆ ತಂತಿ ಬೇಲಿಯೊಳಗೆ ಮಳೆಮಾಪಕ. ನೀರು ಸರಬರಾಜು ಕಚೇರಿಯವರು ಕೆರೆಯ ಪಕ್ಕದಲ್ಲಿ ತಾನಾಗಿಯೇ ಮಳೆ ಅಳೆಯುವ ಹೊಸ ಯಂತ್ರ ಇಟ್ಟು ಎರಡು ವರ್ಷವಾಯಿತು, ಅಪ್ಪ ನಿವೃತ್ತರಾಗಿಯೂ ಅಷ್ಟೇ ಆಯಿತು. ಆದರೂ ಮೊನ್ನೆಮೊನ್ನೆಯವರೆಗೆ ಅವರು ದಿನಾ ಎಂಟೂವರೆಗೆ ಹತ್ತಿ, ಬಾಟಲಿಯ ನೀರನ್ನು ಅಳತೆಗಾಜಿಗೆ ಸುರಿದು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ನೋಡಿ, ತಮ್ಮ ಸ್ವಂತ ಪುಸ್ತಕದಲ್ಲಿ ಬರೆಯುತ್ತಿದ್ದರು. ಈಗ ನಾನು ಹತ್ತುತ್ತೇನೆ. ಇಳಿದು ಬಂದು ಅಂಕಿ ಹೇಳುತ್ತೇನೆ, ಅವರು ಬರೆಯುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ. ನಂಬಿ ಬರೆಯುತ್ತಾರೆ.

ನನ್ನ ಕೆಲಸ ನಡೆಯುತ್ತಿದೆ. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು ಒಂದು ಅಚ್ಚುಮನೆಯ ಮಹಡಿಯಲ್ಲಿ ಮಾತ್ರೆ ಡಬ್ಬಿಯೊಳಗಿನ ಕಾಗದಗಳ ಕರಡು ತಿದ್ದುತ್ತೇನೆ. ಇಷ್ಟಿಷ್ಟು ಸಣ್ಣ ಅಕ್ಷರ, ವಾಂತಿ, ತಲೆಸುತ್ತು, ಚರ್ಮ ಕೆಂಪಾಗುವುದು. ಸಂಜೆಯ ಹೊತ್ತಿಗೆ ನನಗೂ ಮೂರೂ ಶುರುವಾದಂತಿರುತ್ತದೆ. ಪಕ್ಕದ ಮೇಜಿನ ಹಿರಿಯ ಕರಡು ತಿದ್ದುವವರು, "ಕಥೆ ಬರೀಬೇಕು ಅಂತ ಇದ್ಯಲ್ಲ, ಬರಿ. ದಿನಾ ಬರಿ. ಮೂಡ್ ಬರ್ಲಿ ಅಂತ ಕಾಯೋರು ನನ್ನ ಥರ ಇದೇ ಕುರ್ಚೀಲಿ ಮುದುಕರಾಗ್ತಾರೆ" ಎಂದಿದ್ದರು. ದಿನಾ ಬರೆಯಲು ಏನೆಲ್ಲ ಮಾಡಿದೆ ಗೊತ್ತೇ? ದಪ್ಪ ರಟ್ಟಿನ ನೋಟ್‌ಬುಕ್ಕು ಕೊಂಡೆ. ಅದು ಎಷ್ಟು ಚೆನ್ನಾಗಿತ್ತೆಂದರೆ ಅದರಲ್ಲಿ ಬರೆಯಲು ಮನಸ್ಸಾಗಲಿಲ್ಲ. ಮೇಜನ್ನು ಕಿಟಕಿಯತ್ತ ತಿರುಗಿಸಿದೆ, ಮತ್ತೆ ಗೋಡೆಯತ್ತ ತಿರುಗಿಸಿದೆ. ಅತ್ತೆ ಬಾಗಿಲಲ್ಲಿ ತಲೆ ಹಾಕಿ, "ಬರೆದ್ಯಾ, ಇಲ್ಲಾ ಪೆನ್ನು ಕಡೀತಾ ಕೂತ್ಯಾ?" ಎನ್ನುತ್ತಿದ್ದರು. ಎಂಟು ದಿನ ಬರೆದರೆ ಒಂಬತ್ತನೆಯ ದಿನ ತಪ್ಪುತ್ತಿತ್ತು. ಒಂದು ದಿನ ತಪ್ಪಿದರೆ ನಾಚಿಕೆಯಿಂದ ಒಂದು ತಿಂಗಳು ಆ ಕಡೆ ಹೋಗುತ್ತಿರಲಿಲ್ಲ.

ಜುಲೈ ತಿಂಗಳಲ್ಲಿ ಅಪ್ಪ ತಮ್ಮ ಟ್ರಂಕಿನಿಂದ ಕಚೇರಿಯ ಹಳೆಯ ಖಾಲಿ ರಿಜಿಸ್ಟರ್ ಒಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ದಿನಾಂಕ, ಅಳತೆ, ಷರಾ, ಮೂರೇ ಅಂಕಣ. "ಇದ್ರಲ್ಲಿ ಬರಿ. ಎಷ್ಟು ಸಾಲು ಬಂತೋ ಅಳತೇಲಿ ಹಾಕು. ಬರ್ದೇ ಇದ್ರೆ ಸೊನ್ನೆ ಹಾಕು. ಖಾಲಿ ಮಾತ್ರ ಬಿಡ್ಬೇಡ" ಎಂದರು. ಆಮೇಲಿನದು ನಾವಿಬ್ಬರೂ ಚಿಕ್ಕಂದಿನಿಂದ ಕೇಳುತ್ತ ಬಂದದ್ದೇ. ಸೊನ್ನೆ ಅಂದರೆ ನೋಡಿದೆವು, ಮಳೆ ಬಂದಿರಲಿಲ್ಲ ಎಂದು. ಖಾಲಿ ಚೌಕ ಅಂದರೆ ಯಾರೂ ನೋಡಲೇ ಇಲ್ಲ ಎಂದು. ನೀನು ಊಟದ ತಟ್ಟೆಯ ಮುಂದೆ ಕೂತು ಅವರ ದನಿಯಲ್ಲೇ ಇದನ್ನು ಹೇಳಿ ನಗಿಸುತ್ತಿದ್ದೆ, ನೆನಪಿದೆಯೇ? ನನಗೆ ಮಾತ್ರ ಈ ಸಲ ನಗು ಬರಲಿಲ್ಲ.

ಮೊದಲ ಹತ್ತೊಂಬತ್ತು ದಿನ ಬರೀ ಸೊನ್ನೆ. ಒಂದರ ಕೆಳಗೊಂದು. ಅಪ್ಪ ಒಮ್ಮೆ ಬಗ್ಗಿ ನೋಡಿ, "ಪರ್ವಾಗಿಲ್ಲ. ಕೂತಿದ್ದೆ ಅಂತಾಯ್ತಲ್ಲ" ಎಂದು ಹೋದರು. ಇಪ್ಪತ್ತನೆಯ ದಿನ ಅವರಿಗೆ ಎದೆ ಹಿಡಿದುಕೊಂಡಿತು. ಅವರ ಬದಲಿಗೆ ನಾನು ಗುಡ್ಡ ಹತ್ತಿದೆ. ಅಳತೆ ನೋಡಿ, ಇಳಿಯುವ ಮೊದಲು ಸುಧಾರಿಸಿಕೊಳ್ಳಲು ಈ ಕೊನೆಯ ಮೆಟ್ಟಿಲ ಮೇಲೆ ಕೂತೆ. ಚೀಲದಲ್ಲಿದ್ದ ರಿಜಿಸ್ಟರ್ ತೆಗೆದು 'ಅಣ್ಣಾ' ಎಂದು ಬರೆದೆ. ಹನ್ನೊಂದು ಸಾಲು ಬಂತು. ಅವತ್ತಿನಿಂದ ಇದೇ ಮೆಟ್ಟಿಲು, ಇದೇ ಹೊತ್ತು, ಮೊದಲು ನೋಡುವುದು, ಆಮೇಲೆ ಬರೆಯುವುದು, ಮೊದಲ ಪದ 'ಅಣ್ಣಾ'. ಬೇರೆ ಯಾವ ಕುರ್ಚಿಯಲ್ಲೂ ನನ್ನ ಪೆನ್ನು ಓಡುವುದಿಲ್ಲ. ಬರೆಯುವವರೆಲ್ಲ ತಮ್ಮದೇ ದಾರಿ ಹುಡುಕಿಕೊಳ್ಳುತ್ತಾರಂತೆ. ನನ್ನದು ನೂರ ಹದಿನಾರು ಮೆಟ್ಟಿಲು.

ಎಷ್ಟೋ ವಿಷಯ ಬರೆದೆ. ಬೇಲಿಯ ಮೇಲೆ ಕೂರುವ ಕಾಲು ಮುರಿದ ಕಾಗೆ, ಅತ್ತೆಯ ಗೊರಕೆ, ಅಮ್ಮನದೆಂದು ನನಗೆ ನೆನಪಿರುವ ಒಂದೇ ಒಂದು ವಸ್ತುವಾದ ನೀಲಿ ಸ್ವೆಟರಿನ ತೋಳು. ಆದರೆ ಯಾವ ವಿಷಯದಿಂದ ಹೊರಟರೂ ಪುಟದ ಕೊನೆಗೆ ಬಂದು ನಿಲ್ಲುವುದು ಆ ಬಾಟಲಿಯ ಹತ್ತಿರವೇ. ದಿನಾ ಬರೆಯುವುದನ್ನು ಹಿಡಿದದ್ದು ಕಥೆಗಾರ್ತಿಯಾಗಲಿಕ್ಕೆ ಎಂದುಕೊಂಡಿದ್ದೆ. ಅಲ್ಲ, ನಿನಗೆ ಒಂದು ಮಾತು ಬರೆಯಬೇಕಿತ್ತು, ಅದಕ್ಕೇ. ಆರು ವರ್ಷದಿಂದ ಬಾಕಿ ಇರುವ ಮಾತು. ಇವತ್ತು ಬರೆದು ಅಂಚೆಗೆ ಹಾಕಲೇಬೇಕೆಂದು ಹತ್ತಿ ಬಂದಿದ್ದೇನೆ.

ಆ ಆಗಸ್ಟಿನಲ್ಲಿ ಅತ್ತೆಯ ಕಣ್ಣಿನ ಆಪರೇಷನ್ ಎಂದು ಅಪ್ಪ ಎರಡು ದಿನ ಹೋಗಿದ್ದರು. ಅಳತೆಯ ಕೆಲಸವನ್ನು ನಿನಗೆ ವಹಿಸಿದ್ದರು. ನಿನಗೆ ಪಕ್ಕದ ಊರಿನಲ್ಲಿ ಕೆಲಸದ ಸಂದರ್ಶನವಿತ್ತು. ಅಪ್ಪನಿಗೆ ಹೇಳದೆ ಹಿಂದಿನ ಸಂಜೆಯೇ ಹೊರಟೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಪುಟ್ಟಿ, ನಾಳೆ ಒಂದಿನ ನೀನು ಹತ್ತಿ ನೋಡ್ಬಿಡೇ. ನೋಡು, ಬರಿ, ಚೀಟಿ ಡಬ್ಬಿಗೆ ಹಾಕು, ಅಷ್ಟೇ. ನಿನ್ನ ಕಾಲೇನು ಸವೆಯಲ್ಲ" ಎಂದೆ. ಬೆಳಗ್ಗೆ ನಾನು ಸೊನ್ನೆ ಎಂದು ಚೀಟಿ ಬರೆದು ಮೆಟ್ಟಿಲ ಬುಡದ ಡಬ್ಬಿಗೆ ಹಾಕಿದೆ. ಕಚೇರಿಯ ಸೈಕಲ್ಲಿನವನು ಒಯ್ದ. ಗುಡ್ಡದ ಆ ಬದಿ ನಸುಕಿನಲ್ಲಿ ಸುರಿದಿದ್ದರೂ ನಮ್ಮ ಬದಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಹಾಗಾಗುತ್ತದೆಂದೇ ಅಲ್ಲವೇ ಮಾಪಕವನ್ನು ಅಷ್ಟು ಮೇಲೆ ಇಟ್ಟಿದ್ದು. ಸೊನ್ನೆ ಎಂದು ನಂಬಿ ಕಚೇರಿಯವರು ಕೆರೆಯ ತೂಬು ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಂಪ್‌ಮನೆಗೆ ನೀರು ನುಗ್ಗಿತು. ಅಲ್ಲಿ ಪಂಪ್ ನಡೆಸುತ್ತಿದ್ದ, ವರ್ಷವಿಡೀ ಸೀನುವ ನಮ್ಮ ನೆಗಡಿ ಮಾಮ ಜಾರಿ ಬಿದ್ದು ಸೊಂಟ ಮುರಿದುಕೊಂಡರು.

ಸಂಜೆ ಅಪ್ಪ ಬಂದವರು ಚಪ್ಪಲಿಯನ್ನೂ ಬಿಡದೆ ನೇರ ಗುಡ್ಡ ಹತ್ತಿದರು. ಬಾಟಲಿಯಲ್ಲಿ ನಲವತ್ತೊಂದು ಮಿಲಿಮೀಟರ್ ಇತ್ತು. ಅವರು ಇಳಿದು ಬರುವಷ್ಟರಲ್ಲಿ, ಆಗಷ್ಟೇ ಊರಿಗೆ ವಾಪಸಾಗಿದ್ದ ನೀನು ಹಿತ್ತಿಲಲ್ಲಿ ನನ್ನನ್ನು ಹಿಡಿದು ಕೇಳಿದೆ, "ನೀನು ನೋಡಿದ್ದೀ ತಾನೇ?" ನಾನು, "ನೋಡಿದೆ. ಬಾಟ್ಲಿ ಒಣಗಿತ್ತು" ಎಂದೆ. ನೀನು ಇನ್ನೊಂದು ಮಾತು ಕೇಳಲಿಲ್ಲ. ಅಪ್ಪನ ಮುಂದೆ ನಿಂತು, "ನಾನೇ ನೋಡಿದ್ದು. ಒಣಗಿತ್ತು. ಯಾರೋ ಆಮೇಲೆ ನೀರು ಸುರಿದಿರ್ಬೇಕು" ಎಂದೆ. ಅಪ್ಪ ಕೂಗಾಡಲಿಲ್ಲ. "ಹೋಗಿಲ್ಲ ಅಂತ ಹೇಳಿದ್ರೆ ಮುಗೀತಿತ್ತು. ಸುಳ್ಳು ಸೊನ್ನೆ ಬರ್ಯೋನು ನನ್ನ ಮನೇಲಿ ಬೇಡ" ಎಂದರು. ನೀನು ಮೂರನೆಯ ದಿನ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಹೋಗುವಾಗಲೂ ನನ್ನ ತಲೆ ಸವರಿ, "ಓದ್ಕೋ" ಎಂದೆ. ಕಣ್ಣೆದುರಿಗೆ ಬಾಟಲಿ ತುಂಬ ನೀರಿತ್ತು ಅಣ್ಣಾ. ಆದರೂ ನೀನು ನನ್ನ ಮಾತನ್ನು ನಂಬಿದೆ.

ನೆಗಡಿ ಮಾಮ ಈಗಲೂ ಭಾನುವಾರ ಕೋಲೂರಿಕೊಂಡು ಬರುತ್ತಾರೆ. ಮೂಗೊರೆಸಿಕೊಳ್ಳುತ್ತ, "ಏನಮ್ಮಾ, ನನ್ನ ಮೇಲೊಂದು ಕಥೆ ಬರಿ. ಹೀರೋ ಸೀನ್ತಾನೇ ಇರ್ತಾನೆ" ಎನ್ನುತ್ತಾರೆ. ನಾನು ಒಳಗೆ ಹೋಗಿ ಚಹಾ ಮಾಡುತ್ತೇನೆ, ಸಕ್ಕರೆ ಎರಡು ಸಲ ಹಾಕಿಬಿಡುತ್ತೇನೆ.

ಪ್ರತಿ ಸಲವೂ ಇಲ್ಲಿಯವರೆಗೆ ಬರೆಯುತ್ತೇನೆ, ಇಲ್ಲಿಗೆ ಕೈ ನಿಲ್ಲುತ್ತದೆ. ಮುಂದೆ ಬರೆಯಬೇಕಾದದ್ದು ಒಂದೇ ಸಾಲು. ರಿಜಿಸ್ಟರಿನಲ್ಲಿ ಈ ಕಾಗದದ ನಲವತ್ತಮೂರು ಕರಡುಗಳಿವೆ, ಎಲ್ಲವೂ ಇದೇ ಜಾಗದಲ್ಲಿ ಮುಗಿಯುತ್ತವೆ. ಇವತ್ತೂ ಆಗಲಿಲ್ಲ. ಆದರೆ ಇದನ್ನು ರಿಜಿಸ್ಟರಿನಲ್ಲೇ ಬಿಡುವುದಿಲ್ಲ, ಅಂಚೆಗೆ ಹಾಕುತ್ತೇನೆ. ಅಪ್ಪ ಕೆಳಗೆ ಅಂಕಿಗಾಗಿ ಕಾಯುತ್ತಿರುತ್ತಾರೆ, ಇಳಿಯಬೇಕು.

ಚೆನ್ನಾಗಿ ಉಣ್ಣು. ಗಾಳಿ ಜೋರಿದ್ದ ದಿನ ಕ್ರೇನ್ ಹತ್ತಬೇಡ, ಮೇಲಿನವರು ಏನೇ ಹೇಳಲಿ. ಅತ್ತೆ ನಿನಗೆ ಆಶೀರ್ವಾದವನ್ನೂ ಬೈಗುಳವನ್ನೂ ಸಮಸಮವಾಗಿ ಕಳಿಸಿದ್ದಾರೆ. ನಾನು ಚಿಕ್ಕವಳು, ನಮಸ್ಕಾರವಷ್ಟೇ ನನ್ನದು.

ನಿನ್ನ
ಪುಟ್ಟಿ

ಮರೆತ ಮಾತು: ಅಂಚೆಯವನು ಹತ್ತಕ್ಕೆ ಡಬ್ಬಿ ತೆಗೆಯುತ್ತಾನೆ, ಹತ್ತು ನಿಮಿಷವಿದೆ. ಮರೆತದ್ದಲ್ಲ, ಬಿಡು. ಅಣ್ಣಾ, ಅವತ್ತು ನಾನು ಗುಡ್ಡ ಹತ್ತಲೇ ಇಲ್ಲ. ನನ್ನ ಮೊದಲ ಕಥೆ ಬರೆಯುತ್ತ ಕೂತಿದ್ದೆ. ಪೆನ್ನು ತಾನಾಗಿಯೇ ಓಡುತ್ತಿತ್ತು, ಏಳಲು ಮನಸ್ಸಾಗಲಿಲ್ಲ. ಕಿಟಕಿಯಲ್ಲಿ ಬಿಸಿಲಿತ್ತು, ಸೊನ್ನೆ ಬರೆದೆ. ಆ ಕಥೆಯಲ್ಲಿ ಜೋರು ಮಳೆ ಬರುತ್ತದೆ, ಕಾಲೇಜಿನಲ್ಲಿ ಅದಕ್ಕೆ ಬಹುಮಾನವೂ ಬಂತು. ಈಗಷ್ಟೇ ಕೆಳಗಿಳಿದು ಅಪ್ಪನಿಗೆ ಅಂಕಿ ಹೇಳಿದೆ. ಅದರ ಹಿಂದೆಯೇ ಇದನ್ನೂ ಹೇಳಿದೆ. ಅವರು ಟ್ರಂಕಿನಿಂದ ಆ ವರ್ಷದ ಪುಸ್ತಕ ತರಿಸಿದರು. ಆ ದಿನದ ಷರಾದಲ್ಲಿ ಕೆಂಪು ಶಾಯಿಯಲ್ಲಿ 'ಮಗ ನೋಡದೆ ಬರೆದದ್ದು' ಎಂದಿತ್ತು. ಅದನ್ನು ಹೊಡೆದುಹಾಕಿದರು. ಸೊನ್ನೆಯ ಮೇಲೂ ಒಂದು ಗೆರೆ ಎಳೆದರು, ಪಕ್ಕದಲ್ಲಿ ಏನೂ ಬರೆಯಲಿಲ್ಲ. ಮೂವತ್ತೊಂದು ವರ್ಷದ ಪುಸ್ತಕಗಳಲ್ಲಿ ಖಾಲಿ ಉಳಿದ ಚೌಕ ಅದೊಂದೇ. ನನ್ನ ಕಡೆ ಇನ್ನೂ ನೋಡಿಲ್ಲ. "ಅವನಿಗೆ ಬರಿ. ಬೇಗ ಬಾ ಅನ್ನು" ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಬೇಗ ಬಾ ಅಣ್ಣಾ. ಇವತ್ತಿನ ಮಳೆ ಸೊನ್ನೆ. ಹತ್ತಿ, ನೋಡಿ ಬರೆದಿದ್ದೇನೆ.